ಅರಿಶಿನದ ಮಡಿಗೆ ಹೋಗುವ ಗೊಬ್ಬರ ಪೂರ್ತಿ ಕಳಿತಿರಬೇಕು

ಬಾಗಲಕೋಟೆ ಜಿಲ್ಲೆಯ ತೇರದಾಳ, ರಬಕವಿ, ಮಹಾಲಿಂಗಪುರದ ಸುತ್ತಿನ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಅರಿಶಿನ ಹಾಕುವವರು ಗಡ್ಡೆಯ ತಳಿಗೆ ಕೊಡುವಷ್ಟು ಗಮನವನ್ನು ಗೊಬ್ಬರ ಕೂಡಿಸುವ ತಿಪ್ಪಿಗೆ ಕೊಡುವುದಿಲ್ಲ. ಗಡ್ಡೆ ಎಂಟೊಂಬತ್ತು ತಿಂಗಳು ಆ ಗೊಬ್ಬರದೊಳಗೇ ಮಲಗಿರುತ್ತದೆ. ಗೊಬ್ಬರ ಅರೆಬರೆ ಕಳಿತಿದ್ದರೆ ಕಳೆ, ಗೊಣ್ಣೆಹುಳ, ಕೊಳೆ ಮೂರೂ ಅದರ ಜೊತೆಗೇ ಹೊಲಕ್ಕೆ ಬರುತ್ತವೆ. ನಾವು ಎಕರೆಗೆ 10 ಟನ್ ಗೊಬ್ಬರ ಹಾಕುತ್ತೇವೆ. ಅದನ್ನು ತಯಾರಿಸುವ ಕೆಲಸ ದೀಪಾವಳಿಗೇ ಶುರುವಾಗುತ್ತದೆ.

ದಿನಕ್ಕೊಂದು ಬುಟ್ಟಿ ಹೆಂಡಿ (ಸೆಗಣಿ) ಎಸೆಯುತ್ತ ಹೋದ ತಿಪ್ಪಿ ಎಂದೂ ಸರಿಯಾಗಿ ಕಾಯುವುದಿಲ್ಲ. ಇವತ್ತು ಹಾಕಿದ್ದು ಕಾವೇರುವ ಮೊದಲೇ ಮೇಲೆ ತಣ್ಣನೆಯದು ಬೀಳುತ್ತದೆ, ನಡುವೆ ಗಾಳಿಯೂ ಆಡುವುದಿಲ್ಲ. ವರ್ಷ ಕಳೆದ ಮೇಲೆ ತಿಪ್ಪಿ ಮೇಲೆ ಕರ್ರಗೆ ಕಂಡರೂ ತಳದಲ್ಲಿ ಹಸಿರು ಹೆಂಡಿ ಹಾಗೇ ಇರುತ್ತದೆ. ಅದಕ್ಕಾಗಿ ಸಾಮಾನೆಲ್ಲ ಕೂಡಿಸಿಕೊಂಡು ಎರಡು ದಿನದೊಳಗೆ ಉದ್ದನೆಯ ಗುಡ್ಡೆಯಾಗಿ ಒಂದೇ ಸಾಲು ಕಟ್ಟಿ ಮುಗಿಸಬೇಕು. ಹಸಿ ಹೆಂಡಿ 15 ಟನ್, ಕುರಿ ಹಿಕ್ಕಿ 3 ಟನ್, ಕಬ್ಬಿನ ರವದಿ (ಒಣ ಎಲೆ) 3 ಟನ್ ಕೂಡಿ 21 ಟನ್ ಹಾಕಿದರೆ ಕೊನೆಗೆ ಕೈಗೆ ಸಿಗುವುದು 9ರಿಂದ 10 ಟನ್. ನಾಲ್ಕು ದನ ಕಟ್ಟಿದ ಮನೆಗೆ 15 ಟನ್ ಹೆಂಡಿ ಕೂಡಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಗುತ್ತದೆ. ಆದ್ದರಿಂದ ಅಕ್ಕಪಕ್ಕದವರಿಂದ ಕೊಳ್ಳುವುದು ಅನಿವಾರ್ಯ. ಕೊಳ್ಳುವಾಗ ಎರಡು ತಿಂಗಳಿಗಿಂತ ಹಳೆಯದನ್ನು ತರಬೇಡಿ, ಅದರ ಕಸುವು ಆಗಲೇ ಇಳಿದಿರುತ್ತದೆ.

ರವದಿ ಇಲ್ಲದೆ ಬರೀ ಹೆಂಡಿ ಗುಡ್ಡೆ ಹಾಕಿದರೆ ಅದು ಗಟ್ಟಿಯಾಗಿ ಕೂತು ಕೊಳೆಯುತ್ತದೆ. ಬರೀ ರವದಿಯಾದರೆ ಸಾರಜನಕ ಸಾಲದೆ ವರ್ಷವಾದರೂ ಹಾಗೇ ಬಿದ್ದಿರುತ್ತದೆ. ಇಂಗಾಲ 25ರಿಂದ 30 ಪಾಲಿಗೆ ಸಾರಜನಕ ಒಂದು ಪಾಲು ಇದ್ದರೆ ಗುಡ್ಡೆ ಚೆನ್ನಾಗಿ ಕಾಯುತ್ತದೆ. ಮೇಲಿನ ಐದು-ಒಂದು-ಒಂದರ ತೂಕ ಆ ಲೆಕ್ಕಕ್ಕೆ ಹತ್ತಿರ ಬರುತ್ತದೆ. ಹೊಲದಲ್ಲಿ ಬೆಂಕಿ ಹಚ್ಚುವ ರವದಿಯನ್ನೇ ತಂದು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು. ಉದ್ದ ಎಲೆ ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತಾದರೆ ನೀರೂ ಇಳಿಯುವುದಿಲ್ಲ, ಮುಂದೆ ಮಗುಚಲೂ ಆಗುವುದಿಲ್ಲ.

ಸಾಲಿನ ಅಗಲ 7 ಅಡಿ, ಎತ್ತರ ನಾಲ್ಕೂವರೆ ಅಡಿ. 21 ಟನ್ನಿಗೆ ಸುಮಾರು 70 ಅಡಿ ಉದ್ದ ಬರುತ್ತದೆ. ನೀರು ನಿಲ್ಲದ ಎತ್ತರದ ಜಾಗ ನೋಡಿ, ತಳಕ್ಕೆ ಅರ್ಧ ಅಡಿ ರವದಿ ಹಾಸಿ, ಅದರ ಮೇಲೆ ಹೆಂಡಿ, ಹಿಕ್ಕಿ, ರವದಿ ಬೆರೆಸಿ ಏರಿಸುತ್ತೇವೆ. ಮೂರಡಿಗಿಂತ ತಗ್ಗಾದರೆ ಕಾವು ನಿಲ್ಲುವುದಿಲ್ಲ, ಐದಡಿ ದಾಟಿದರೆ ತನ್ನ ಭಾರಕ್ಕೆ ತಾನೇ ಅದುಮಿ ಗಾಳಿ ಕಟ್ಟುತ್ತದೆ. ತೇವ ನೋಡಲು ಒಂದು ಹಿಡಿ ತೆಗೆದು ಜೋರಾಗಿ ಹಿಂಡಬೇಕು. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿ ಉಂಡೆ ಒಡೆಯದೆ ನಿಂತರೆ ಸರಿ. ಧಾರೆ ಇಳಿದರೆ ಒಣ ರವದಿ ಸೇರಿಸಬೇಕು, ಉಂಡೆ ಉದುರಿದರೆ ನೀರು ಹೊಡೆಯಬೇಕು.

ಮೂರ್ನಾಲ್ಕು ದಿನಕ್ಕೆ ಒಳಗಿನ ಕಾವು 55ರಿಂದ 65 ಡಿಗ್ರಿಗೆ ಏರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ನಡುವಿನವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಅಂಗೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಕಾವು ಬಂದಿದೆ. ಕಾಂಗ್ರೆಸ್ ಕಸದ ಬೀಜ, ಗೊಣ್ಣೆಹುಳದ ಮೊಟ್ಟೆ ಸಾಯುವುದು ಈ ಕಾವಿನಲ್ಲೇ. 70 ದಾಟಿದರೆ ಗೊಬ್ಬರ ಕಳಿಯುವಂತೆ ಮಾಡುವ ಜೀವಾಣುಗಳೇ ಸಾಯತೊಡಗುತ್ತವೆ, ಆಗ ತಡಮಾಡದೆ ಮಗುಚಬೇಕು. ಕಣ್ಣು ಉರಿಯುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹಾರಿಹೋಗುತ್ತಿದೆ ಎಂದರ್ಥ, ರವದಿ ಬೆರೆಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಕಟ್ಟಿದೆ, ಬಿಚ್ಚಿ ಆರಿಸಿ. ಒಳಗೆಲ್ಲ ಬೂದಿಯಂಥ ಬಿಳಿ ಪದರ ಕಟ್ಟಿ ಮುಟ್ಟಿದರೆ ಪುಡಿಯಾದರೆ ಗುಡ್ಡೆ ನೀರಿಲ್ಲದೆ ಒಣಗಿದೆ. ನಮ್ಮ ಕಡೆ ಫೆಬ್ರವರಿಯಿಂದ ಕಾಡುವುದು ಹೆಚ್ಚಾಗಿ ಇದೇ. ಮೇಲೆ ದಪ್ಪಗೆ ರವದಿ ಹೊದಿಸಿ, ಪ್ರತಿ ಸಲ ಮಗುಚುವಾಗ ನೀರು ಕೊಟ್ಟರೆ ತಡೆಯಬಹುದು.

ಕಾವು 50ಕ್ಕಿಂತ ಕೆಳಗಿಳಿದಾಗ, ಅಂದರೆ ಸುಮಾರು 15 ದಿನಕ್ಕೆ, ಮೊದಲ ಮಗುಚು. ಆಮೇಲೆ ಇನ್ನೂ ಮೂರು ಸಲ. ಹೊರಗಿನ ಒಂದಡಿ ಪದರಕ್ಕೆ ಕಾವು ತಾಗಿರುವುದಿಲ್ಲ, ಕಳೆ ಬೀಜವೂ ಹುಳವೂ ಅಲ್ಲೇ ಉಳಿದಿರುತ್ತವೆ. ಅದು ಒಳಗೆ ಹೋಗಲೇಬೇಕು. ಜೆಸಿಬಿ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸುಮ್ಮನೆ ಎತ್ತಿ ಸುರಿದರೆ ಹೊರಗಿನದು ಮತ್ತೆ ಹೊರಗೇ ಬೀಳುತ್ತದೆ. ಮೊದಲು ಮೇಲಿನ ಪದರವನ್ನು ಕೆರೆದು ಪಕ್ಕದಲ್ಲಿ ಹೊಸ ಸಾಲಿನ ತಳವಾಗಿ ಹಾಸಿ, ಒಳಗಿನದನ್ನು ಅದರ ಮೇಲೆ ಏರಿಸಲು ಡ್ರೈವರನಿಗೆ ನಿಂತು ಹೇಳಬೇಕು.

ಮಾರ್ಚ್ ಹೊತ್ತಿಗೆ ಗುಡ್ಡೆ ಅರ್ಧಕ್ಕಿಳಿದು, ಮಗುಚಿ ನೀರು ಕೊಟ್ಟರೂ ಮತ್ತೆ ಕಾಯದೆ ತಣ್ಣಗಿರುತ್ತದೆ. ಆಗ 100 ಕೆಜಿ ಗೊಬ್ಬರಕ್ಕೆ 2 ಕೆಜಿ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ, ತೇವ ಮಾಡಿ, ಗೋಣಿಚೀಲ ಹೊದಿಸಿ ನೆರಳಲ್ಲಿ 15 ದಿನ ಇಡುತ್ತೇವೆ. ನೆಡುವ ಮುಂದೆ ಇದನ್ನು ಉಳಿದ ಗೊಬ್ಬರದಲ್ಲಿ ಕಲಸುವುದು. ಬಿಸಿ ಇರುವ ಗುಡ್ಡೆಗೆ ಟ್ರೈಕೋಡರ್ಮಾ ಹಾಕಿದರೆ ಅದು ಸತ್ತು ದುಡ್ಡು ದಂಡ.

ಕಣ್ಣಿಗೆ ಕರ್ರಗೆ ಕಂಡಿತೆಂದು ಹೊಲಕ್ಕೆ ಸಾಗಿಸಬೇಡಿ. ಅರ್ಧ ಗೊಬ್ಬರ, ಅರ್ಧ ಮಣ್ಣು ಕುಂಡದಲ್ಲಿ ತುಂಬಿ 20 ಹೆಸರು ಕಾಳು ಬಿತ್ತಿ ನೋಡಿ. ವಾರದಲ್ಲಿ 16ಕ್ಕಿಂತ ಹೆಚ್ಚು ಎದ್ದು ಬೇರು ಬೆಳ್ಳಗಿದ್ದರೆ ಗೊಬ್ಬರ ಆಗಿದೆ. ಬೇರಿನ ತುದಿ ಕಂದಿದರೆ ಇನ್ನೂ ಒಂದು ತಿಂಗಳು ಬಿಡಿ. ಎಲೆ ಸುರುಳಿ ಸುತ್ತಿ ಮುರುಟಿದರೆ ರವದಿಯೊಂದಿಗೆ ಕಬ್ಬಿಗೆ ಹೊಡೆದ ಕಳೆನಾಶಕ ಬಂದಿರಬಹುದು, ಅಂಥ ಗೊಬ್ಬರ ಮಡಿಗೆ ಬೇಡ.

ಏಪ್ರಿಲ್‌ನಲ್ಲಿ ಕೊನೆಯ ಕುಂಟೆಗೆ ಮುಂಚೆ 6 ಟನ್ ಎರಚಿ ಅದೇ ದಿನ ಮಣ್ಣಲ್ಲಿ ಬೆರೆಸುತ್ತೇವೆ. ಬಿಸಿಲಲ್ಲಿ ಬಿದ್ದ ಗೊಬ್ಬರ ಒಣಗಿ ಕಸುವು ಕಳೆದುಕೊಳ್ಳುತ್ತದೆ. ನಾಲ್ಕೂವರೆ ಅಡಿಗೊಂದು, ಒಂದಡಿ ಎತ್ತರದ ಮಡಿ ಎಳೆದು ಅದರ ಮೇಲ್ಭಾಗಕ್ಕೆ 3 ಟನ್. ಉಳಿದ 1 ಟನ್ ಮೂರನೇ ತಿಂಗಳು ಮಣ್ಣೇರಿಸುವಾಗ ಬುಡಕ್ಕೆ. ಅಕ್ಷಯ ತದಿಗೆಯಿಂದ ಮೇ ಕೊನೆಯೊಳಗೆ ಎಕರೆಗೆ ಸುಮಾರು 10 ಕ್ವಿಂಟಲ್ ಬೀಜದ ಗಡ್ಡೆಯನ್ನು ಎರಡು ಸಾಲಿನಲ್ಲಿ, ಮುಕ್ಕಾಲು ಅಡಿಗೊಂದರಂತೆ, ಎರಡು-ಮೂರು ಇಂಚು ಆಳಕ್ಕೆ ಊರಿ ಮೇಲೆ ರವದಿ ಹೊದಿಸುವುದು. ಅರಿಶಿನ ಪೊಟ್ಯಾಷ್ ಬಹಳ ಬೇಡುವ ಬೆಳೆ, ಗೊಬ್ಬರವೊಂದೇ ಸಾಕಾಗದು. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟು ಕೊಡಬೇಕು.

ಎಲೆ ಹಳದಿಯಾದ ಕೂಡಲೆ ಯೂರಿಯಾ ಚೀಲ ಬಿಚ್ಚುವ ರೂಢಿ ಇದೆ. ಮೊದಲು ಯಾವ ಎಲೆ ಎಂದು ನೋಡಬೇಕು. ಕೆಳಗಿನ ಹಳೆ ಎಲೆ ಹಳದಿಯಾದರೆ ಗೊಬ್ಬರ ಅರೆಕಳಿತಿದ್ದು, ರವದಿ ಕಳಿಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತಿರಬಹುದು, ಹಾಗಿದ್ದರೆ ಯೂರಿಯಾ ಬೇಕು. ಸುಳಿಯ ಹೊಸ ಎಲೆ ನರ ಮಾತ್ರ ಹಸಿರಾಗಿ ನಡುವೆ ಬಿಳುಚಿದರೆ ಅದು ಸುಣ್ಣ ಹೆಚ್ಚಿರುವ ನಮ್ಮ ಎರಿ ಮಣ್ಣಿನ ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಹಸಿರು ಮರಳುತ್ತದೆ, ಯೂರಿಯಾ ಸುರಿದರೆ ಏನೂ ಆಗುವುದಿಲ್ಲ.

ಜುಲೈ-ಆಗಸ್ಟ್ ಮಳೆಗೆ ಮಡಿಯ ಬುಡದಲ್ಲಿ ನೀರು ನಿಂತರೆ ಎಂಥ ಗೊಬ್ಬರವೂ ಗಡ್ಡೆ ಕೊಳೆಯಿಂದ ಕಾಯಲಾರದು. ಎಲೆ ಅಂಚಿನಿಂದ ಒಣಗಿ, ಕಾಂಡ ಹಿಡಿದೆಳೆದರೆ ಮೆತ್ತಗೆ ಕಿತ್ತು ಬಂದರೆ ಆ ಗಿಡವನ್ನು ಮಣ್ಣು ಸಮೇತ ತೆಗೆದು, ಸುತ್ತಲಿನ ಬುಡಗಳಿಗೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿದ ನೀರು ಹಾಕಿ, ಬಸಿಗಾಲುವೆ ಬಿಡಿಸಬೇಕು. ಜನವರಿಯ ನಂತರ ಗಡ್ಡೆ ಕಿತ್ತಾಗ ಉಳಿಯುವ ಒಣ ಎಲೆಯೆಲ್ಲ ಮುಂದಿನ ಸಾಲಿಗೆ ಹೋಗುತ್ತದೆ. ಕೊಳೆ ಬಂದ ಮಡಿಗಳ ಎಲೆ, ಬೇರು ಮಾತ್ರ ತಿಪ್ಪಿಯ ಹತ್ತಿರವೂ ತರುವುದಿಲ್ಲ. ಹೊಲದ ಬದುವಿನಾಚೆ ಒಣಗಿಸಿ ಸುಡುತ್ತೇವೆ.