ಅಂಗವೈಕಲ್ಯ ಸರ್ಟಿಫಿಕೇಟಿಗೆ ಹೋಗುವ ಮೊದಲು

ಕಾಸರಗೋಡಿನಲ್ಲಿ ಪಾರ್ಕಿನ್ಸನ್ಸ್ (ಕೈ ನಡುಗುವ, ಕಾಲು ಸೆಟೆಯುವ ನರರೋಗ) ಇರುವವರ ಮನೆಯವರಿಗೆ ಒಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಈ ಕಾಯಿಲೆಯೂ ಇದೆ. ಆದರೆ ಕಾಯಿಲೆಯ ಹೆಸರಿದ್ದರೆ ಸಾಲದು. ಹೆಚ್ಚಿನ ಸೌಲಭ್ಯಗಳಿಗೆ ಡಾಕ್ಟರ ತಪಾಸಣೆಯಲ್ಲಿ ಅಂಗವೈಕಲ್ಯ ಶೇಕಡಾ 40 ಆದರೂ ಬರಬೇಕು.

ಅಪ್ಪನನ್ನು ಮೊದಲ ಸಲ ಆ ತಪಾಸಣೆಗೆ ಕರೆದುಕೊಂಡು ಹೋದಾಗ ಮಾತ್ರೆ ತಗೊಂಡು ಒಂದು ಗಂಟೆ ಆಗಿತ್ತು. ಕೈ ನಡುಕವೇ ಇಲ್ಲ! ಡಾಕ್ಟರು ಕೇಳಿದ್ದಕ್ಕೆಲ್ಲ ಅಪ್ಪ "ತೊಂದರೆ ಇಲ್ಲ" ಅಂದುಬಿಟ್ಟರು. ಹಿರಿಯರಿಗೆ ಸಂಕೋಚ, ಅಲ್ವಾ? ಪರ್ಸೆಂಟ್ ಕಡಿಮೆ ಬಂತು.

ಹಾಗಂತ ಮಾತ್ರೆ ನಿಲ್ಲಿಸಿ ಹೋಗಬೇಡಿ, ಅಪಾಯ. ಒಂದೆರಡು ವಾರ ಬರೆದಿಡಿ: ಮಾತ್ರೆ ಎಷ್ಟು ಹೊತ್ತಿಗೆ, ಕಾಲು ಯಾವಾಗ ಸೆಟೆಯಿತು, ಅಂಗಿ ಗುಂಡಿ ಯಾರು ಹಾಕಿದ್ದು, ಎಷ್ಟು ಸಲ ಬಿದ್ದರು. ನರರೋಗ ಡಾಕ್ಟರ ಚೀಟಿಯಲ್ಲೂ ಇದನ್ನೇ ಬರೆಸಿ. ಮಂಗಳೂರಿನಲ್ಲಿ ತೋರಿಸಿದ ಹಳೆಯ ಫೈಲ್ ಇದ್ದರೆ ಅದೂ ಜೊತೆಗಿರಲಿ.

ಸರ್ಟಿಫಿಕೇಟು, ಕಾರ್ಡಿನ ಅರ್ಜಿ ಸ್ವಾವಲಂಬನ್ ಪೋರ್ಟಲಿನಲ್ಲಿ (ಕೇಂದ್ರ ಸರ್ಕಾರದ ವೆಬ್‌ಸೈಟ್), ಅಕ್ಷಯ ಕೇಂದ್ರದವರು (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಹಾಕಿಕೊಡುತ್ತಾರೆ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆಯ ಹೆಸರು ಮಲಯಾಳಕ್ಕೆ ಹೋಗಿ ಬರುವಾಗ ಏನೇನೋ ಆಗಿರುತ್ತದೆ.

ಅಂಗವೈಕಲ್ಯ ಕಾರ್ಡ್ ಬಂತು ಅಂತ ಪಿಂಚಣಿ ತಾನಾಗಿ ಬರುವುದಿಲ್ಲ. ಅದಕ್ಕೆ ಪಂಚಾಯತಿನಲ್ಲಿ ಬೇರೆಯೇ ಅರ್ಜಿ ಕೊಡಬೇಕು.