ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಬೇಡಿ: ಔಟ್‌ಬೋರ್ಡ್ ಮೋಟರ್ ಹೀಟ್ ಆಗದಂತೆ ಏನು ಮಾಡಬೇಕು

ಗೋವಾದ ಮಾಲಿಂ ಧಕ್ಕೆಯಲ್ಲಿ ಯಾರದಾದರೂ ಬೋಟಿನ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಹೀಟ್ ಆಯಿತೆಂದರೆ ಮೊದಲು ಸಿಗುವ ಸಲಹೆ, "ಆ ಥರ್ಮೋಸ್ಟ್ಯಾಟ್ ತೆಗೆದು ಬಿಸಾಕು, ನೀರು ಸರಾಗ ಹೋಗ್ತದೆ." ಬೆತಿಂನಲ್ಲಿ ಮೋಟರ್ ರಿಪೇರಿ ಮಾಡಿಕೊಂಡಿರುವ ನಾನು ಇದನ್ನು ಕೊಂಕಣಿಯಲ್ಲೂ ಕೇಳಿದ್ದೇನೆ, ನಮ್ಮ ಕಾರವಾರ, ಅಂಕೋಲಾ ಕಡೆಯ ಹುಡುಗರ ಬಾಯಲ್ಲಿ ಕನ್ನಡದಲ್ಲೂ ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೀಟ್ ಆದ ಮೋಟರ್ ಒಂದೇ ದಿನದಲ್ಲಿ ಕೈಕೊಡುತ್ತದೆ. ಯಾವಾಗಲೂ ತಣ್ಣಗೇ ಓಡುವ ಮೋಟರ್ ನಿಧಾನಕ್ಕೆ ಹಾಳಾಗುತ್ತದೆ, ಅಷ್ಟೇ ವ್ಯತ್ಯಾಸ.

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಕೆಳಗಿನ ಗೇರ್‌ಕೇಸಿನ ಜಾಲರಿಯಿಂದ ಹೊಳೆಯ ನೀರನ್ನೋ ಸಮುದ್ರದ ನೀರನ್ನೋ ಎಳೆದುಕೊಂಡು, ಪಂಪಿನೊಳಗೆ ತಿರುಗುವ ರಬ್ಬರ್ ಎಸಳಿನ ಚಕ್ರ, ಅಂದರೆ ಇಂಪೆಲ್ಲರ್, ಅದನ್ನು ಮೇಲಕ್ಕೆ ತಳ್ಳುತ್ತದೆ. ಸಿಲಿಂಡರ್ ಸುತ್ತ ತಿರುಗಿದ ನೀರು ಎಗ್ಸಾಸ್ಟ್ ಜೊತೆ ಹೊರಗೆ ಬೀಳುತ್ತದೆ. ಈ ದಾರಿಗೆ ಥರ್ಮೋಸ್ಟ್ಯಾಟೇ ಬಾಗಿಲು. ಅದರೊಳಗಿನ ಮೇಣ ಬಿಸಿಗೆ ಹಿಗ್ಗಿದಾಗ ವಾಲ್ವ್ ತೆರೆಯುತ್ತದೆ, ತಣ್ಣಗಾದರೆ ಸ್ಪ್ರಿಂಗ್ ಮುಚ್ಚುತ್ತದೆ. ಕಾರಿನಲ್ಲಿ ಇದು ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತೆರೆದರೆ, ಔಟ್‌ಬೋರ್ಡಿನಲ್ಲಿ ಬಹುತೇಕ 50ರಿಂದ 60ರ ಆಸುಪಾಸಿನಲ್ಲೇ ತೆರೆಯುತ್ತದೆ. ಕಾರಣ ಉಪ್ಪುನೀರು. ಅದಕ್ಕಿಂತ ಹೆಚ್ಚು ಬಿಸಿಯಾದರೆ ಸುಣ್ಣವೂ ಉಪ್ಪೂ ಒಳಗಿನ ದಾರಿಯಲ್ಲೇ ಗಟ್ಟಿಯಾಗಿ ಕೂರುತ್ತವೆ. ಹಾಗಾಗಿ ಅಳತೆ ಹೊಂದಿತೆಂದು ಮಾಪ್ಸಾದ ಆಟೋ ಅಂಗಡಿಯಿಂದ ಕಾರಿನದ್ದನ್ನು ತಂದು ಹಾಕಬಾರದು.

ಕಿತ್ತು ಬಿಸಾಕಿದರೆ ಏನಾಗುತ್ತದೆ? ತಣ್ಣಗಿನ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಟೂ ಸ್ಟ್ರೋಕ್ ಆದರೆ ಪ್ಲಗ್ ಕಪ್ಪಾಗಿ ಒದ್ದೆಯಾಗುತ್ತದೆ, ಕಾರ್ಬನ್ ಕಟ್ಟುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಫೋರ್ ಸ್ಟ್ರೋಕ್ ಆದರೆ ಉರಿಯದ ಪೆಟ್ರೋಲ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಕಿದ್ದಕ್ಕಿಂತ ಮೇಲೆ ನಿಂತಿರುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ. ಆ ತೆಳುವಾದ ಆಯಿಲಿನಲ್ಲಿ ಬೇರಿಂಗ್ ಎಷ್ಟು ದಿನ ಬಾಳಿಕೆ ಬಂದೀತು?

ಇನ್ನೊಂದು ತಪ್ಪು ನಂಬಿಕೆಯಿದೆ. ಮೋಟರಿನ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚೆನ್ನಾಗಿ ಬರುತ್ತಿದ್ದರೆ ಕೂಲಿಂಗ್ ಸರಿಯಿದೆ ಎನ್ನುತ್ತಾರೆ. ಆ ಧಾರೆ ಹೇಳುವುದು ಪಂಪಿನ ಸಂಗತಿ ಮಾತ್ರ. ಬಹಳಷ್ಟು ಮೋಟರುಗಳಲ್ಲಿ ಅದು ಥರ್ಮೋಸ್ಟ್ಯಾಟಿಗಿಂತ ಮೊದಲೇ ಕವಲೊಡೆದು ಬರುವ ನೀರು. ಥರ್ಮೋಸ್ಟ್ಯಾಟ್ ಪೂರ್ತಿ ಮುಚ್ಚಿಕೊಂಡಿದ್ದರೂ ಧಾರೆ ಜೋರಾಗಿಯೇ ಇರಬಹುದು. ಧಾರೆ ಕೈಗೆ ಸುಡುವಷ್ಟು ಬಿಸಿಯಿದ್ದರೆ ಅನುಮಾನ ಪಡಿ.

ಹೀಟ್ ಆಗುವುದು ಯಾವಾಗ ಎಂಬುದನ್ನು ಗಮನಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸಿಂಕೇರಿಯಿಂದ ಡಾಲ್ಫಿನ್ ತೋರಿಸಲು ಹೋಗುವ ಬೋಟಿನವರು ಆಗಾಗ ಹೇಳುವ ದೂರು ಇದು: ಡಾಲ್ಫಿನ್ ಕಂಡಿತೆಂದು ನಿಧಾನ ಮಾಡಿದಾಗ ಅಲಾರಂ ಹೊಡೆಯುತ್ತದೆ, ರೇಸ್ ಕೊಟ್ಟರೆ ನಿಲ್ಲುತ್ತದೆ. ಇದು ಹೆಚ್ಚಾಗಿ ಥರ್ಮೋಸ್ಟ್ಯಾಟಿನದೇ ಕೆಲಸ. ವೇಗದಲ್ಲಿ ಪಂಪಿನ ಒತ್ತಡ ಏರಿದಾಗ ಎಷ್ಟೋ ಮೋಟರುಗಳಲ್ಲಿ ಬೇರೊಂದು ಪ್ರೆಶರ್ ವಾಲ್ವ್ ತೆರೆದು ನೀರಿಗೆ ದಾರಿ ಕೊಡುತ್ತದೆ, ಅದಕ್ಕೇ ಆಗ ಸುಧಾರಿಸಿದಂತೆ ಕಾಣುವುದು. ತದ್ವಿರುದ್ಧವಾಗಿ, ನಿಧಾನದಲ್ಲಿ ಸುಮ್ಮನಿದ್ದು ಫುಲ್ ಥ್ರಾಟಲ್‌ನಲ್ಲಿ ಹೀಟ್ ಆದರೆ ಇಂಪೆಲ್ಲರ್ ಸವೆದಿದೆಯೋ, ಜಾಲರಿಗೆ ಪ್ಲಾಸ್ಟಿಕ್ ಅಂಟಿದೆಯೋ ನೋಡಿ. ಮಾಂಡೋವಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೇನು ಬರವೇ?

ಈಗ ಬದಲಿಸುವ ಕೆಲಸ. ಮೋಟರ್ ತಣ್ಣಗಾಗಿರಬೇಕು, ಬ್ಯಾಟರಿ ವಾಯರ್ ಬಿಚ್ಚಿರಬೇಕು. ಥರ್ಮೋಸ್ಟ್ಯಾಟಿನ ಮುಚ್ಚಳ ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡಿನ ಮೇಲ್ಭಾಗದಲ್ಲೋ ಬ್ಲಾಕಿನ ಪಕ್ಕದಲ್ಲೋ ಇರುತ್ತದೆ, ಕೆಲವು ಬೋಲ್ಟುಗಳಷ್ಟೇ. ಆದರೆ ಇಡೀ ಕೆಲಸದ ಕಷ್ಟ ಆ ಬೋಲ್ಟುಗಳಲ್ಲೇ ಇದೆ. ಸ್ಟೀಲ್ ಬೋಲ್ಟ್, ಅಲ್ಯೂಮಿನಿಯಂ ಬ್ಲಾಕ್, ನಡುವೆ ಉಪ್ಪು. ಬೋಲ್ಟಿನ ಬುಡದಲ್ಲಿ ಬಿಳಿ ಪುಡಿ ಕಂಡರೆ ಒಳಗೆ ಕಚ್ಚಿಕೊಂಡಿದೆ ಎಂದೇ ತಿಳಿಯಿರಿ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ಬಡಿಯಿರಿ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಮತ್ತೆ ಸ್ವಲ್ಪ ಹಿಂದಕ್ಕೆ. ಪಾನ (ಸ್ಪ್ಯಾನರ್) ಹಿಡಿದ ಕೈಗೆ ಬೋಲ್ಟ್ ರಬ್ಬರಿನಂತೆ ತಿರುಚಿಕೊಳ್ಳುತ್ತಿದೆ, ಆದರೆ ಸಡಿಲಾಗುತ್ತಿಲ್ಲ ಅನ್ನಿಸಿದ ಕ್ಷಣವೇ ನಿಲ್ಲಿಸಿ, ಇನ್ನೊಂದು ಚೂರು ಬಲ ಹಾಕಿದರೆ ತುಂಡಾಗುತ್ತದೆ. ಮತ್ತೆ ಎಣ್ಣೆ ಬಿಡಿ, ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ನಿನಿಂದ ಬಿಸಿ ಕೊಡಿ. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರುತ್ತದೆ. ಟ್ಯಾಂಕ್ ದೂರವಿಟ್ಟು, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಸಿ ಕೊಡಿ. ಬೆಂಕಿ ಜ್ವಾಲೆಯಂತೂ ಬೇಡವೇ ಬೇಡ. ತುಂಡಾದ ಬೋಲ್ಟನ್ನು ಡ್ರಿಲ್ ಮಾಡುವುದು ದೊಡ್ಡ ತಲೆನೋವು. ಬಿಟ್ ಗಟ್ಟಿ ಸ್ಟೀಲಿನಿಂದ ಜಾರಿ ಮೆತ್ತನೆಯ ಅಲ್ಯೂಮಿನಿಯಂಗೆ ನುಗ್ಗುತ್ತದೆ. ಅರ್ಧ ದಿನ ಹೋದರೂ ಚಿಂತೆಯಿಲ್ಲ, ಆತುರ ಬೇಡ.

ಮುಚ್ಚಳ ತೆಗೆದ ಮೇಲೆ ಹಳೆಯದು ಯಾವ ದಿಕ್ಕಿಗೆ ಕೂತಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಾಮಾನ್ಯವಾಗಿ ಸ್ಪ್ರಿಂಗ್ ಮತ್ತು ಮೇಣದ ಭಾಗ ಇಂಜಿನ್ ಕಡೆಗಿರುತ್ತದೆ. ತೂತಿಗೆ ಬಟ್ಟೆ ತುರುಕಿ, ಹಳೆ ಗ್ಯಾಸ್ಕೆಟ್ಟನ್ನು ಮರದ ಚಕ್ಕೆಯಿಂದ ಕೆರೆಯಿರಿ. ಒಳಗೆ ಕಪ್ಪು ರಬ್ಬರ್ ಚೂರು ಸಿಕ್ಕರೆ ಅದು ಇಂಪೆಲ್ಲರಿನ ಮುರಿದ ಎಸಳು. ಹಾಗಾದರೆ ಕೆಳಗೂ ಬಿಚ್ಚಿ ನೋಡಲೇಬೇಕು, ಎಲ್ಲ ಚೂರುಗಳೂ ಸಿಗುವವರೆಗೆ ಹುಡುಕಬೇಕು.

ಹೊಸ ಥರ್ಮೋಸ್ಟ್ಯಾಟನ್ನೂ ಪರೀಕ್ಷೆ ಮಾಡದೆ ಕೂರಿಸಬೇಡಿ. ವಾಲ್ವಿನ ಸಂದಿಗೆ ತೆಳು ದಾರ ಸಿಕ್ಕಿಸಿ ಅದರಿಂದಲೇ ಪಾತ್ರೆಯ ನೀರಿನಲ್ಲಿ ತೂಗುಬಿಡಿ, ತಳ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ವಾಲ್ವ್ ತೆರೆಯುತ್ತಿದ್ದಂತೆ ದಾರ ಬಿಟ್ಟುಕೊಂಡು ಅದು ತಳಕ್ಕೆ ಬೀಳುತ್ತದೆ. ಆಗಿನ ಡಿಗ್ರಿಯನ್ನು ಮ್ಯಾನ್ಯುಯಲ್‌ನಲ್ಲಿ ಕೊಟ್ಟದ್ದಕ್ಕೆ ಹೋಲಿಸಿ. ಹೊರಗೆ ತೆಗೆದು ತಣಿಸಿದರೆ ಪೂರ್ತಿ ಮುಚ್ಚಬೇಕು.

ಕೂರಿಸುವಾಗ ಗ್ಯಾಸ್ಕೆಟ್ ಹೊಸದೇ ಹಾಕಿ. ಮ್ಯಾನ್ಯುಯಲ್ ಹೇಳದಿದ್ದರೆ ಸಿಲಿಕೋನ್ ಮೆತ್ತಬೇಡಿ, ಹೆಚ್ಚಾದದ್ದು ನೀರಿನ ದಾರಿಗೆ ಇಳಿಯುತ್ತದೆ. ಬೋಲ್ಟಿನ ಎಳೆಗಳಿಗೆ ಮರೀನ್ ಗ್ರೀಸ್ ಹಚ್ಚಿ, ಒಂದಾದ ಮೇಲೊಂದು ಸಮನಾಗಿ ಬಿಗಿ ಮಾಡಿ. ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಯುತ್ತಾರೆ. ವಿ ಆಕಾರದ ದೊಡ್ಡ ಮೋಟರಾದರೆ ಎರಡು ಕಡೆಯೂ ಒಂದೊಂದು ಇರಬಹುದು, ಎರಡನ್ನೂ ಬದಲಿಸಿ.

ದಿನದ ಕೆಲಸ ಮುಗಿದ ಮೇಲೆ ಬಾವಿ ನೀರಿನಲ್ಲೋ ನಲ್ಲಿ ನೀರಿನಲ್ಲೋ ಮೋಟರ್ ತೊಳೆಯಿರಿ. ಜಾಲರಿಗೆ ಮಫ್ (ಪೈಪಿನ ನೀರನ್ನು ಜಾಲರಿಯೊಳಕ್ಕೆ ಕೊಡುವ ರಬ್ಬರ್ ಬಟ್ಟಲು) ಹಾಕಿ ನೀರು ಬಿಟ್ಟ ನಂತರವೇ ಚಾಲೂ ಮಾಡಬೇಕು, ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು. ಹತ್ತು ನಿಮಿಷವಾದರೂ ಓಡಲಿ. ಥರ್ಮೋಸ್ಟ್ಯಾಟ್ ತೆರೆದರೆ ಮಾತ್ರ ಸಿಹಿನೀರು ಎಲ್ಲ ಕಡೆ ಮುಟ್ಟುತ್ತದೆ. ಒಣಗಿದ ಪಂಪ್ ಕೆಲವೇ ಸೆಕೆಂಡುಗಳಲ್ಲಿ ಇಂಪೆಲ್ಲರನ್ನು ಸುಟ್ಟುಬಿಡುತ್ತದೆ, ಒಮ್ಮೆ ಚಾಲೂ ಮಾಡಿ ನೋಡೋಣ ಎಂದು ದಡದಲ್ಲಿ ನೀರಿಲ್ಲದೆ ಓಡಿಸಬೇಡಿ. ನೀರಿನ ಮೇಲೆ ಅಲಾರಂ ಹೊಡೆದರೆ ಆಂಕರ್ ಹಾಕಿ, ಆಫ್ ಮಾಡಿ, ಮೋಟರ್ ಎತ್ತಿ ಜಾಲರಿ ನೋಡಿ. ಬಿಸಿ ಹೆಡ್ಡಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಇಂಪೆಲ್ಲರ್ ಬದಲಿಸಲು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಸಮಯವೇ ಒಳ್ಳೆಯದು. ಶಾಪೊರಾದಂಥ ಮರಳು ತುಂಬಿದ ಅಳಿವೆ ದಾಟುವ ಬೋಟಾದರೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಇಂಪೆಲ್ಲರ್ ತಿರುಗುವ ಪಂಪಿನ ಬಟ್ಟಲಿನೊಳಗೆ ಉಗುರು ಆಡಿಸಿ ನೋಡಿ, ಗೀರು ತಾಗಿದರೆ ಅದನ್ನೂ ಬದಲಿಸಿ. ಮಳೆಗಾಲದಲ್ಲಿ ಶೆಡ್ಡಿನಲ್ಲಿಟ್ಟ ಮೋಟರಿನ ನೀರಿನ ಧಾರೆಯ ತೂತಿನಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಆಗಸ್ಟಿನಲ್ಲಿ ನೀರಿಗಿಳಿಸುವ ಮೊದಲು ದಪ್ಪ ನೈಲಾನ್ ಗಾಳದ ದಾರ ಒಳಗೆ ಆಡಿಸಿ ಅದನ್ನು ಬಿಡಿಸಿಕೊಳ್ಳಿ. ತಂತಿ ಹಾಕಿ ಚುಚ್ಚಬೇಡಿ, ಒಳಗಿನ ಪೈಪು ತೂತಾಗುತ್ತದೆ.