ಮನೆ ಖಾಲಿ ಇದೆಯಾ? ಬಹುಮಾನ ಇಟ್ಟು ಬಾಡಿಗೆದಾರರಿಗೇ ಹೇಳಿ

ಬೆಳಗಾವಿಯ ಉದ್ಯಮಬಾಗ್ ಹತ್ತಿರ ನಮ್ಮದು ಹನ್ನೆರಡು ಮನೆಗಳ ಸಣ್ಣ ಅಪಾರ್ಟ್‌ಮೆಂಟ್. ಮೊದಲೆಲ್ಲ ಗೇಟಿಗೆ ಬೋರ್ಡು ಕಟ್ಟಿ ಕಾಯುತ್ತಿದ್ದೆ. ಈಗ ಇರುವ ಬಾಡಿಗೆದಾರರಿಗೇ ಮೊದಲು ಹೇಳುತ್ತೇನೆ, ಹೊಸ ಬಾಡಿಗೆದಾರರನ್ನು ಪರಿಚಯ ಮಾಡಿಸಿದವರಿಗೆ ಬಹುಮಾನ ಕೊಡುತ್ತೇನೆ. ತಮ್ಮ ಪಕ್ಕದ ಮನೆಗೆ ಜಗಳಗಂಟರನ್ನು ಯಾರೂ ಕರೆತರುವುದಿಲ್ಲ, ಅಲ್ವಾ?

ಬಹುಮಾನ ಎಷ್ಟಿಡಬೇಕು? ಬಾಡಿಗೆ 9,000 ಅಂದುಕೊಳ್ಳಿ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಅಷ್ಟೂ ಹೋಯಿತು, ಏಜೆಂಟರು ಒಂದು ತಿಂಗಳ ಬಾಡಿಗೆ ಕಮಿಷನ್ ಕೇಳಿದರೆ ಇನ್ನೊಂದು 9,000. ಅದರ ಮುಂದೆ 3,000 ಜಾಸ್ತಿ ಅಲ್ಲ. 500 ಅಂದರೆ ಯಾರೂ ಮನಸ್ಸು ಮಾಡುವುದಿಲ್ಲ. ಪೂರ್ತಿ ತಿಂಗಳ ಬಾಡಿಗೆ ಅಂದರೆ ದಾರಿಯಲ್ಲಿ ಸಿಕ್ಕವರನ್ನೂ ತಂದು ನಿಲ್ಲಿಸುತ್ತಾರೆ.

ಹಣವನ್ನು ಎರಡು ಸಲ ಕೊಡಿ. ಹೊಸಬರು ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟಿಗೆ ಸಹಿ ಹಾಕಿದ ದಿನ ಅರ್ಧ, ಮೂರು ತಿಂಗಳು ಬಾಡಿಗೆ ಸರಿಯಾಗಿ ಬಂದ ಮೇಲೆ ಉಳಿದರ್ಧ. 11 ತಿಂಗಳ ಅಗ್ರಿಮೆಂಟ್ ಮುಗಿಯಲಿ, ಆಮೇಲೆ ಕೊಡ್ತೀನಿ ಅಂದರೆ ಅಷ್ಟು ದಿನ ಯಾರು ಕಾಯ್ತಾರೆ? ಬಾಡಿಗೆಯಲ್ಲಿ ಕಡಿತ ಮಾಡೋದಕ್ಕಿಂತ ಬೇರೆಯಾಗಿ ಫೋನ್‌ಪೇ ಮಾಡುವುದು ಒಳ್ಳೆಯದು. ನೌಕರಿಯಲ್ಲಿರುವವರು ಮನೆಬಾಡಿಗೆ ಭತ್ಯೆಗೆ ಆಫೀಸಿನಲ್ಲಿ ಬಾಡಿಗೆ ರಸೀದಿ ಕೊಡುತ್ತಾರೆ, ಒಂದು ತಿಂಗಳು ಕಡಿಮೆ ಬರೆದರೆ ಅವರ ಲೆಕ್ಕ ಕೆಡುತ್ತದೆ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಎರಡನೇ ಮಹಡಿಯಲ್ಲಿ ನಾವು ವೈನಿ (ಅತ್ತಿಗೆ) ಅಂತ ಕರೆಯುವ ಬಾಡಿಗೆದಾರರಿದ್ದಾರೆ, ಆಸ್ಪತ್ರೆಯಲ್ಲಿ ನರ್ಸ್. ಅವರಿಗೆ ಬಹುಮಾನದ ವಿಷಯ ಹೇಳಿದಾಗ ಸುಮ್ನೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ನಳದ ಬುಡಕ್ಕೆ ಹಳೇ ಬಟ್ಟೆ ಸುತ್ತಿತ್ತು, ಕೆಳಗಿಟ್ಟ ಪಾತೇಲಿ ಅರ್ಧ ತುಂಬಿತ್ತು. “ಅಣ್ಣಾರ, ಮೊದಲ ಇದನ್ನ ರಿಪೇರಿ ಮಾಡಸ್ರಿ. ನಾಳೆ ನಮ್ಮ ಡ್ಯೂಟಿಯವರು ಬಂದು ನನ್ನ ಕೇಳಿದ್ರ ಏನ್ ಹೇಳ್ಲಿ?” ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮರುದಿನವೇ ಪ್ಲಂಬರ್ ಕರೆಸಿದೆ. ಹದಿನೈದು ದಿನದಲ್ಲಿ ಅವರ ಜೊತೆ ಕೆಲಸ ಮಾಡುವ ಇಬ್ಬರು ಮನೆ ನೋಡಲು ಬಂದರು. ಇರುವವರ ತಕರಾರು ಹಾಗೇ ಇಟ್ಟುಕೊಂಡು ಬಹುಮಾನದ ಮಾತು ಎತ್ತಬೇಡಿ.

ಮನೆ ಬಿಡುವವರು ತಿಂಗಳ ಮುಂಚೆ ತಿಳಿಸುತ್ತಾರಲ್ಲ, ಅವತ್ತೇ ಎಲ್ಲರಿಗೂ ವಾಟ್ಸಾಪ್ ಹಾಕಿ. ಬಾಡಿಗೆ, ಅಡ್ವಾನ್ಸ್, ನೀರು ಬರುವ ದಿನ, ಗಾಡಿ ನಿಲ್ಲಿಸುವ ಜಾಗ, ಬಹುಮಾನ ಎಷ್ಟು, ಯಾವಾಗ ಕೊಡ್ತೀರಿ, ಇಷ್ಟೂ ಅದರಲ್ಲೇ ಇರಲಿ. ನಮ್ಮೂರಲ್ಲಿ ಕನ್ನಡದ ಜೊತೆ ಮರಾಠಿಯಲ್ಲೂ ಬರೆದರೆ ಹೆಚ್ಚು ಮಂದಿಗೆ ಮುಟ್ಟುತ್ತದೆ. ಕಿರಾಣಿ ಅಂಗಡಿ ಕಾಕಾ, ಹಾಲಿನವರು, ಫೌಂಡ್ರಿಯಲ್ಲಿ ಕೆಲಸ ಮಾಡುವವರಿಗೂ ಹೇಳಿಡಿ. ಯಾರಿಗೆ ಮನೆ ಬೇಕು ಅನ್ನೋದು ಅವರ ಕಿವಿಗೆ ಬೇಗ ಬೀಳುತ್ತದೆ. ಶಾಲೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ, ಮನೆ ಹುಡುಕುವವರು ಜಾಸ್ತಿ.

ಒಬ್ಬರನ್ನೇ ಇಬ್ಬರು ಪರಿಚಯ ಮಾಡಿಸಿದರೆ? ಯಾರ ಮೆಸೇಜು ಮೊದಲು ಬಂತೋ ಅವರಿಗೆ. ಇದನ್ನು ಮೊದಲೇ ಬರೆದಿಡಿ, ಇಲ್ಲದಿದ್ದರೆ ನೆರೆಹೊರೆಯವರಲ್ಲೇ ಮನಸ್ತಾಪ ಆಗುತ್ತದೆ.

ಪರಿಚಯದವರು ಅಂತ ಆಧಾರ್ ನೋಡುವುದು, ಅಗ್ರಿಮೆಂಟ್ ಮಾಡುವುದು ಬಿಡಬೇಡಿ. ಹಾಗೇ, ಪರಿಚಯ ಮಾಡಿಸಿದವರು ಜಾಮೀನುದಾರರಲ್ಲ. ಹೊಸಬರು ಬಾಡಿಗೆ ತಡ ಮಾಡಿದರೆ ಅವರನ್ನೇ ಕೇಳಿ. ‘ನೀವು ತಂದವರು ನೋಡಿ’ ಅಂತ ವೈನಿ ಮನೆ ಬಾಗಿಲು ಬಡಿದರೆ ಮುಂದೆ ಯಾರೂ ಯಾರ ಹೆಸರೂ ಹೇಳುವುದಿಲ್ಲ.

ಬಂದವರಿಗೆ ಮನೆ ಒಪ್ಪಿಗೆಯಾಗದಿದ್ದರೂ ಕಳಿಸಿದವರಿಗೆ ನಾನು ಕಾಲು ಕಿಲೋ ಕುಂದಾ ಕೊಡುತ್ತೇನೆ. ನಮಗಾಗಿ ನಾಲ್ಕು ಮಂದಿಗೆ ಫೋನ್ ಮಾಡಿರುತ್ತಾರಲ್ಲ. ಒಪ್ಪಿಗೆಯಾದರೆ ಮೊದಲ 1,500 ಅವತ್ತು ಸಂಜೆಯೇ ಅವರ ಖಾತೆಗೆ ಹೋಗುತ್ತದೆ, ಎರಡನೇ ಕಂತಿನ ತಾರೀಖನ್ನು ಅಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆದಿಡುತ್ತೇನೆ.